ಬಚ್ಚಲೊಲೆಗೆ ಮೇಣದ ಗೂಡು

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ಕಳಸದ ಕಡೆ ಎರಡು ಕೆಲಸ ಕಷ್ಟ. ಒಂದು ಬಟ್ಟೆ ಒಣಗಿಸುವುದು, ಇನ್ನೊಂದು ಬಚ್ಚಲೊಲೆ ಹೊತ್ತಿಸುವುದು. ಬಟ್ಟೆಗೆ ನನ್ನ ಹತ್ತಿರ ಇನ್ನೂ ಉಪಾಯ ಇಲ್ಲ. ಒಲೆಗೆ ಸಿಕ್ಕಿದೆ: ಮೊಟ್ಟೆ ಟ್ರೇಯ ಗೂಡಿಗೆ ಮರದ ಹೊಟ್ಟು ತುಂಬಿ, ಮೇಣ ಸುರಿದು ಮಾಡಿಟ್ಟುಕೊಳ್ಳುವ ಮೇಣದ ಗೂಡು.

ಸೌದೆ ಮಾಡಿನ ಕೆಳಗೇ ಇದ್ದರೂ ಆ ಥಂಡಿ ಗಾಳಿಗೆ ಮೆತ್ತಗಾಗುತ್ತದೆ. ಕಾಫಿ ಗಿಡದ ರೆಂಬೆ, ಸಿಲ್ವರ್ ಓಕ್ ಚಕ್ಕೆ, ಯಾವುದನ್ನು ಮುಟ್ಟಿದರೂ ತಣ್ಣಗೆ. ಬೆಳಿಗ್ಗೆ ಆರಕ್ಕೆ ಎದ್ದು, ಪೇಪರ್ ತುರುಕಿ, ಊದುಕೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗುತ್ತಿತ್ತು. ಮಗನ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಹಂಡೆಯ ನೀರು ಬರೀ ಉಗುರುಬೆಚ್ಚಗೆ. ಸೀಮೆಎಣ್ಣೆ ಇದ್ದ ಕಾಲದಲ್ಲಿ ಸೌದೆಗೆ ಒಂದಿಷ್ಟು ಚಿಮುಕಿಸಿದರೆ ಆಯಿತು. ಅದು ಮನೆಗೆ ಬರುವುದು ನಿಂತ ಮೇಲೆ ಸೈಕಲ್ ಟ್ಯೂಬಿನ ತುಂಡು, ಹಾಲಿನ ಪ್ಯಾಕೆಟ್ ಶುರುವಾಯಿತು. ನಾವೂ ಹಾಕುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ. ಚೆನ್ನಾಗಿ ಹೊತ್ತುತ್ತದೆ. ಆದರೆ ಆ ಕರಿ ಹೊಗೆ ಹಂಚಿಗೆಲ್ಲ ಮೆತ್ತಿ, ಸ್ನಾನ ಮಾಡಿ ಬಂದವರ ತಲೆಯಲ್ಲೂ ಅದೇ ವಾಸನೆ. ಅತ್ತೆಗೆ ಮೊದಲೇ ಉಬ್ಬಸ. ಒಂದು ದಿನ ಅವರು ಕೆಮ್ಮುತ್ತಾ ಜಗಲಿಯಲ್ಲಿ ಕೂತಿದ್ದನ್ನು ನೋಡಿ, ಟ್ಯೂಬು ಸಾಕು ಅಂದುಕೊಂಡೆ.

ಪೇಪರಿನ ತೊಂದರೆ ಏನು ಗೊತ್ತಾ? ಅದು ಹೊತ್ತುವುದಿಲ್ಲ ಅಂತಲ್ಲ, ಬೇಗ ಮುಗಿಯುತ್ತದೆ. ಥಂಡಿ ಹಿಡಿದ ಸೌದೆ ತನ್ನೊಳಗಿನ ನೀರು ಆವಿಯಾಗಿ ಹೋಗುವವರೆಗೆ ಉರಿಯುವುದಿಲ್ಲ, ಹೊಗೆ ಕಾರುತ್ತದೆ ಅಷ್ಟೇ. ಅಷ್ಟು ಹೊತ್ತು ಕೆಳಗೆ ಉರಿ ನಿಲ್ಲಬೇಕು. ಪೇಪರ್ ಒಂದು ನಿಮಿಷ ನಿಲ್ಲುತ್ತದೆ. ಕರ್ಪೂರವೂ ಹಾಗೇ, ಭಗ್ ಅಂತ ಎದ್ದು ಹೋಗುತ್ತದೆ. ಮೇಣದಬತ್ತಿ ನೋಡಿ, ಅಷ್ಟು ಸಣ್ಣದಾದರೂ ಗಂಟೆಗಟ್ಟಲೆ ಉರಿಯುತ್ತದೆ. ಬತ್ತಿ ಮೇಣವನ್ನು ಸ್ವಲ್ಪ ಸ್ವಲ್ಪವೇ ಮೇಲೆ ಎಳೆದುಕೊಳ್ಳುತ್ತದೆ. ಬತ್ತಿ ಒಂದರ ಬದಲು ನೂರು ಇದ್ದರೆ ಉರಿ ದೊಡ್ಡದಾಗುತ್ತದೆ, ಬೇಗ ಆರುವುದೂ ಇಲ್ಲ. ಮರದ ಹೊಟ್ಟಿಗೆ ಮೇಣ ಕುಡಿಸಿದರೆ ಆಗುವುದು ಅದೇ.

ಮೇಣಕ್ಕೆ ದುಡ್ಡು ಕೊಡಬೇಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರದ ಊರು ನಮ್ಮದು, ಮೇಣದಬತ್ತಿಯ ಮೋಟುಗಳಿಗೆ ಬರವಿಲ್ಲ. ಒಂದು ಡಬ್ಬಕ್ಕೆ ಹಾಕುತ್ತಾ ಹೋಗಿ. ಹೊಟ್ಟು ಮರದ ಮಿಲ್ಲಿನಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಪ್ಲೈವುಡ್ ಕುಯ್ದ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತದೆ. ಕಾಫಿ ಹೊಟ್ಟನ್ನೂ ಹಾಕಿ ನೋಡಿದೆ. ನನಗೆ ಸರಿಬರಲಿಲ್ಲ, ಉರಿಗಿಂತ ಹೊಗೆಯೇ ಜಾಸ್ತಿ. ಇನ್ನು ಬೇಕಾದ್ದು ಮೊಟ್ಟೆಯ ಟ್ರೇ. ಅಂಗಡಿಯಲ್ಲಿ ಸಿಗುವ 30 ಮೊಟ್ಟೆಯ ರಟ್ಟಿನದು. ಪ್ಲಾಸ್ಟಿಕ್ಕಿನದು ತಂದರೆ ಮತ್ತೆ ಟ್ಯೂಬಿನ ಕಥೆಯೇ.

ಹೊಟ್ಟನ್ನು ಬಿಸಿಲಿಗೆ ಎರಡು ದಿನ ಹರಡಿ. ಇದೊಂದನ್ನು ಬಿಟ್ಟರೆ ಎಲ್ಲ ಕೆಟ್ಟಿತು, ಯಾಕೆಂದರೆ ಹಸಿ ಹೊಟ್ಟು ಮೇಣ ಕುಡಿಯುವುದಿಲ್ಲ. ಅದಕ್ಕೇ ನಾನು ಇದನ್ನು ಏಪ್ರಿಲ್‌ನಲ್ಲೇ ಮಾಡಿಡುತ್ತೇನೆ. ಟ್ರೇಯ ಗೂಡುಗಳಿಗೆ ಹೊಟ್ಟು ತುಂಬಿ. ಅದುಮಬೇಡಿ, ಒಳಗೆ ಗಾಳಿ ಇರಬೇಕು.

ಈಗ ಮೇಣ ಕರಗಿಸುವುದು. ಇಲ್ಲಿ ಸ್ವಲ್ಪ ನಿಂತು ಓದಿ. ಮೊದಲ ಸಲ ನಾನು ಪಾತ್ರೆಯನ್ನು ನೇರವಾಗಿ ಗ್ಯಾಸಿನ ಮೇಲಿಟ್ಟೆ. ಫೋನ್ ಬಂತು, ಆ ಕಡೆ ಹೋದೆ. ಬಂದು ನೋಡಿದರೆ ಪಾತ್ರೆಯಿಂದ ಬಿಳಿ ಹೊಗೆ ಏಳುತ್ತಿದೆ. ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ಹೊತ್ತಿಕೊಳ್ಳುತ್ತಿತ್ತು. ಮೇಣ ಕರಗಲು ಹೆಚ್ಚು ಬಿಸಿ ಬೇಡವೇ ಬೇಡ, ಸುಮಾರು 60 ಡಿಗ್ರಿ ಸಾಕು. ಆದ್ದರಿಂದ ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಹಳೆಯ ತಗಡಿನ ಡಬ್ಬ ಇಟ್ಟು, ಅದಕ್ಕೆ ಮೋಟುಗಳನ್ನು ಹಾಕಿ. ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ, ಮೇಣವೂ ದಾಟುವುದಿಲ್ಲ. ಪಾತ್ರೆಯ ನೀರು ಬತ್ತಿಹೋಗದಂತೆ ನೋಡಿಕೊಳ್ಳಿ. ಎದ್ದು ಹೋಗಲೇಬೇಕಾದರೆ ಗ್ಯಾಸ್ ಆರಿಸಿ ಹೋಗಿ. ಏನಾದರೂ ಎಡವಟ್ಟಾಗಿ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಎರಚಬೇಡಿ. ಉರಿಯುವ ಮೇಣ ಸಿಡಿದು ಮೈಮೇಲೆ ಬರುತ್ತದೆ. ಗ್ಯಾಸ್ ಆರಿಸಿ ತಟ್ಟೆ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯಬೇಡಿ. ಮಕ್ಕಳು ಆ ಹೊತ್ತು ಅಡುಗೆಮನೆಯಲ್ಲಿ ಬೇಡ.

ಕರಗಿದ ಮೇಲೆ ಹಳೆ ಬತ್ತಿಗಳನ್ನು ಕಡ್ಡಿಯಿಂದ ಎತ್ತಿಡಿ. ಡಬ್ಬವನ್ನು ಇಕ್ಕಳದಲ್ಲಿ ಹಿಡಿದು, ತಳದ ನೀರು ಒರೆಸಿ, ಗೂಡುಗಳಿಗೆ ನಿಧಾನವಾಗಿ ಸುರಿಯಿರಿ. ಹನ್ನೆರಡು ಗೂಡಿಗೆ ಸುಮಾರು ಕಾಲು ಕೆ.ಜಿ. ಮೇಣ ಹಿಡಿಯುತ್ತದೆ. ಹೊಟ್ಟು ಪೂರ್ತಿ ಮುಳುಗುವುದು ಬೇಡ, ಮೇಲೆ ಒಂಚೂರು ಒರಟಾಗಿ ಕಾಣಲಿ. ಟ್ರೇಯ ಕೆಳಗೆ ಅಡಿಕೆ ಹಾಳೆ ಹಾಸಿಕೊಳ್ಳಿ, ಇಲ್ಲದಿದ್ದರೆ ಮೇಣ ಸೋರಿ ನೆಲ ಉಜ್ಜುವ ಕೆಲಸ. ಗಟ್ಟಿಯಾದ ಮೇಲೆ ಕತ್ತರಿಯಲ್ಲಿ ಒಂದೊಂದೇ ಗೂಡು ಬಿಡಿಸಿ.

“ಒಲೆ ಹಚ್ಚೋಕೆ ಇಷ್ಟೆಲ್ಲ ವೇಷ ಬೇಕಾ ಮಾರಾಯ್ತಿ?” ಅಂದರು ಅತ್ತೆ. ಅವರದ್ದು ಬೇರೆ ಪದ್ಧತಿ. ದೇವರ ದೀಪದಲ್ಲಿ ಉಳಿದ ಬತ್ತಿಗಳನ್ನು ಎಣ್ಣೆಯ ಸಮೇತ ತೆಂಗಿನ ನಾರಿನಲ್ಲಿ ಸುತ್ತಿ, ಗರಟೆಯೊಳಗೆ ಇಟ್ಟು ಹಚ್ಚುತ್ತಾರೆ. ಮೇಣವೂ ಬೇಡ, ಹೊಟ್ಟೂ ಬೇಡ. ಮೊದಲು ನಾರು, ಆಮೇಲೆ ಗರಟೆಯೇ ಹೊತ್ತಿ ಒಳ್ಳೆಯ ಕೆಂಡ ಬೀಳುತ್ತದೆ. ಬೇಸಿಗೆಯಲ್ಲಿ ಇದೇ ವಾಸಿ ಅಂತ ನಾನೂ ಒಪ್ಪುತ್ತೇನೆ. ಜುಲೈನಲ್ಲಿ ನಾರೇ ಥಂಡಿ ಹಿಡಿದಿರುತ್ತದೆ, ಆಗ ಬರುವುದು ನನ್ನ ಗೂಡೇ.

ಹಚ್ಚುವಾಗ ಕಡ್ಡಿ ಗೀರಿ ರಟ್ಟಿನ ಅಂಚಿಗೆ ಹಿಡಿಯಿರಿ, ಮೇಣಕ್ಕೆ ಅಲ್ಲ. ಗೂಡಿನ ಎರಡೂ ಪಕ್ಕ ಒಂದೊಂದು ದಪ್ಪ ಸೌದೆ, ಅವುಗಳ ಮೇಲೆ ಅಡ್ಡಡ್ಡ ಸಣ್ಣ ಚಕ್ಕೆ. ಗೂಡಿನ ಮೇಲೇ ಸೌದೆ ಹೇರಿದರೆ ಉಸಿರುಕಟ್ಟಿ ಆರುತ್ತದೆ. ನಮ್ಮ ಒಲೆಯಲ್ಲಿ ಒಂದು ಗೂಡು ಹತ್ತು ನಿಮಿಷ ಉರಿಯುತ್ತದೆ. ಅಷ್ಟರಲ್ಲಿ ಚಕ್ಕೆ ಹಿಡಿದಿರುತ್ತದೆ. ಊದುಕೊಳವೆ ಮೂಲೆ ಸೇರಿದೆ.

ಇಡುವುದು ಮುಚ್ಚಳ ಗಟ್ಟಿ ಇರುವ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ, ಒಲೆಯಿಂದ ದೂರ. ಮೊದಲ ವರ್ಷ ಬಚ್ಚಲ ಅಟ್ಟದ ಮೇಲೆ ಬುಟ್ಟಿಯಲ್ಲಿಟ್ಟಿದ್ದೆ, ಇಲಿ ಅರ್ಧಕ್ಕರ್ಧ ಕಡಿದು ಹಾಕಿತ್ತು. ಮೇಣ ಅದಕ್ಕೂ ಇಷ್ಟ.

ಈ ವರ್ಷ 60 ಮಾಡಿದ್ದೆ. ದಿನಕ್ಕೊಂದು ಅಂದರೆ ಎರಡು ತಿಂಗಳಿಗೆ ಸರಿ. ವೇಷ ಅಂದ ಅತ್ತೆಯೇ ಈಗ ಬೆಳಿಗ್ಗೆ ನನಗಿಂತ ಮೊದಲು ಡಬ್ಬ ತೆಗೆಯುತ್ತಾರೆ. ಉಳಿತಾಯ ಅಂತ ಒಂದೊಂದು ಗೂಡನ್ನು ಕತ್ತಿಯಲ್ಲಿ ಎರಡು ಹೋಳು ಮಾಡುತ್ತಾರೆ. ಪುಷ್ಯ ಮಳೆಗೆ ಅರ್ಧ ಸಾಲುವುದಿಲ್ಲ ಅತ್ತೆ ಅಂತ ಹೇಳಿದೆ. ಕೇಳುವುದಿಲ್ಲ.