ಎರಡನೇ ಮೋಟಾರು ಕೂರಿಸುವಾಗ

ಮುನಿರಾಬಾದ್ ಕಡೆಯಿಂದ ತುಂಗಭದ್ರಾ ಹಿನ್ನೀರಿಗೆ ಬೋಟ್ ಇಳಿಸುವ ಅಣ್ಣತಮ್ಮಂದಿರಿಗೆ ಒಂದು ಮಾತು. ನಡುನೀರಲ್ಲಿ ಮೋಟಾರು ಕೈಕೊಟ್ಟು, ಗಾಳಿಯೂ ಎದ್ದರೆ ಹುಟ್ಟು ಹಾಕಿ ದಡ ಸೇರೋದು ಕಷ್ಟ ಅಲ್ವಾ?

ಬೋಟಿನ ಹಿಂಬದಿ ಹಲಗೆಯಲ್ಲಿ, ದೊಡ್ಡ ಮೋಟಾರಿನ ಜೊತೆಗೆ 4–5 ಎಚ್‌ಪಿಯ ಚಿಕ್ಕದೊಂದು ಇರಲಿ. ದೊಡ್ಡದು ಪೂರ್ತಿ ತಿರುಗಿದಾಗಲೂ ಅದಕ್ಕೆ ತಾಗಬಾರದು. ಕೊಳ್ಳುವ ಮೊದಲು ಶಾಫ್ಟ್, ಅಂದ್ರೆ ನೀರಿಗಿಳಿಯುವ ಮೋಟಾರಿನ ಕಾಲಿನ ಅಳತೆ ನೋಡಿ: ಗಿಡ್ಡದು 15 ಇಂಚು, ಉದ್ದದ್ದು 20. ಫ್ಯಾನಿನ (ಪ್ರೊಪೆಲ್ಲರ್) ಮೇಲಿರುವ ಅಡ್ಡ ತಟ್ಟೆ ಬೋಟಿನ ತಳಕ್ಕಿಂತ ಸುಮಾರು ಒಂದಿಂಚು ಕೆಳಗಿರಬೇಕು. ಮೇಲಾದರೆ ಫ್ಯಾನು ಗಾಳಿ ಎಳೆದುಕೊಂಡು ಸುಮ್ನೆ ಗಿರ್ರನೆ ತಿರುಗುತ್ತದೆ, ಬೋಟು ಮುಂದೆ ಹೋಗಲ್ಲ.

ಮೋಟಾರನ್ನು ಹಲಗೆಗೆ ಬಿಗಿಯುವ ತಿರುಪುಗಳು ಅದುರಿ ಅದುರಿ ಸಡಿಲಾಗುತ್ತವೆ. ನನ್ನ ಮೋಟಾರು ಒಮ್ಮೆ ಅರ್ಧ ಗಂಟೆಯಲ್ಲೇ ವಾಲಿ, ಹಲಗೆಯಿಂದ ಜಾರಿತ್ತು. ಬೋಟಿನ ಕೊಂಡಿಗೆ ಕಟ್ಟಿದ್ದ ದಪ್ಪ ನೈಲಾನ್ ಹಗ್ಗವೇ ಹಿಡಿದುಕೊಂಡಿತು. ಆ ಹಗ್ಗ ಮಾತ್ರ ಮರೀಬೇಡಿ.