ಎಐ ಏಜೆಂಟ್‌ಗೆ ಡೇಟಾಬೇಸ್ ಕೊಡುವ ಮುಂಚೆ

ಎಐ ಏಜೆಂಟ್ (ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡುವ ಎಐ ಪ್ರೋಗ್ರಾಂ) ಕೈಗೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕೊಡುವವರು ನಿಮ್ಮದೇ ಲಾಗಿನ್ ಕೊಡಬೇಡಿ. ಅದಕ್ಕೇ ಅಂತ ಬೇರೆ ಯೂಸರ್ ಮಾಡಿ, ಬೇಕಾದ ಟೇಬಲ್‌ಗಳಿಗೆ ಸೆಲೆಕ್ಟ್, ಅಂದರೆ ಓದುವ ಪರ್ಮಿಷನ್ ಮಾತ್ರ ಕೊಡಿ. ಜೊತೆಗೆ ಸೂಪರ್‌ಯೂಸರ್ (ಎಲ್ಲ ಹಕ್ಕೂ ಇರುವ ಅಡ್ಮಿನ್) ಆಗಿ ಲಾಗಿನ್ ಆಗಿ, ಆ ಯೂಸರ್‌ನ ಲಾಗ್ ಸ್ಟೇಟ್‌ಮೆಂಟ್ ಸೆಟ್ಟಿಂಗ್ ಅನ್ನು ‘ಆಲ್’ ಅಂತ ಇಡಿ, ಆಗ ಆ ಯೂಸರ್ ಕಳಿಸುವ ಆದೇಶಗಳೆಲ್ಲ ಡೇಟಾಬೇಸ್‌ನ ಲಾಗ್ ಅನ್ನುವ ದಾಖಲೆಯಲ್ಲಿ ಬೀಳುತ್ತವೆ. "ಏನೂ ಡಿಲೀಟ್ ಮಾಡಬೇಡ" ಅಂತ ಪ್ರಾಂಪ್ಟ್‌ನಲ್ಲಿ ಬರೆದರೆ ಅದು ಬರೀ ವಿನಂತಿ, ಏಜೆಂಟ್ ಕೇಳಿದರೆ ಕೇಳಿತು. ಪರ್ಮಿಷನ್ನೇ ಇಲ್ಲದಿದ್ದರೆ ಡೇಟಾಬೇಸ್ ಮುಲಾಜಿಲ್ಲದೆ ವಾಪಸ್ ಕಳಿಸುತ್ತದೆ. ಆ ಲಾಗ್ ಸೆಟ್ಟಿಂಗ್ ಅನ್ನು ಸಾಮಾನ್ಯ ಯೂಸರ್ ಆಫ್ ಮಾಡುವ ಹಾಗಿಲ್ಲ. ಹಾಗಾಗಿ ಏಜೆಂಟ್ ಕೊನೆಗೆ ಕೊಡುವ ಚಂದದ ಸಾರಾಂಶ ಬಿಟ್ಟು ಲಾಗ್ ಓದಿ. "ಮೂರೂ ಟೇಬಲ್ ನೋಡಿದೆ" ಅಂದಿದ್ದರೆ ಮೂರರ ಕ್ವೆರಿಯೂ ಅಲ್ಲಿ ಇರಬೇಕು, ಅಲ್ವಾ? ಪರ್ಮಿಷನ್ ಸಿಗದೆ ಬಿದ್ದುಹೋದ ಡಿಲೀಟ್ ಕೂಡ ಅಲ್ಲಿ ಕಾಣುತ್ತದೆ, ನನಗೆ ಅದೇ ಜಾಸ್ತಿ ಉಪಯೋಗ. ‘ಡೀಫಾಲ್ಟ್ ಟ್ರಾನ್ಸಾಕ್ಷನ್ ರೀಡ್ ಓನ್ಲಿ’ (ಓದಲು ಮಾತ್ರ ಬಿಡುವ ಸೆಟ್ಟಿಂಗ್) ಆನ್ ಮಾಡಿ ಸುಮ್ನೆ ಕೂರಬೇಡಿ, ಅದನ್ನು ಏಜೆಂಟ್ ತನ್ನ ಸೆಷನ್‌ನಲ್ಲೇ ಒಂದು ಸಾಲಿನಲ್ಲಿ ಆಫ್ ಮಾಡಬಹುದು. ಈ ಬೇರೆ ಯೂಸರ್‌ನ ಉಪಾಯ ಕೈಕೊಡುವುದು ಎಲ್ಲಿ ಅಂದರೆ, ಏಜೆಂಟ್ ಕೆಲಸ ಮಾಡುವ ಫೋಲ್ಡರ್‌ನ ಯಾವುದೋ ಕಾನ್ಫಿಗ್ ಫೈಲ್‌ನಲ್ಲಿ ನಿಮ್ಮ ಅಡ್ಮಿನ್ ಪಾಸ್‌ವರ್ಡ್ ಬಿದ್ದಿದ್ದರೆ. ‘ಸೆಕ್ಯುರಿಟಿ ಡಿಫೈನರ್’ ಫಂಕ್ಷನ್‌ಗಳನ್ನೂ ನೋಡಿಕೊಳ್ಳಿ, ಅವು ಕರೆದವರ ಹಕ್ಕಿನಲ್ಲಿ ಅಲ್ಲ, ಫಂಕ್ಷನ್‌ನ ಓನರ್ ಹಕ್ಕಿನಲ್ಲಿ ಓಡುತ್ತವೆ. ಇನ್ನು, ಓದಲು ಬಿಟ್ಟದ್ದೆಲ್ಲ ಏಜೆಂಟ್ ಹಿಂದಿರುವ ಎಐ ಮಾಡೆಲ್‌ಗೆ ಹೋಗಬಹುದು. ಗ್ರಾಹಕರ ಫೋನ್ ನಂಬರ್ ಇರುವ ಟೇಬಲ್ ಆದರೆ ಆ ಕಾಲಂ ಬಿಟ್ಟು ಒಂದು ವ್ಯೂ (ಆಯ್ದ ಕಾಲಂಗಳನ್ನು ಮಾತ್ರ ತೋರಿಸುವ ಕಿಟಕಿ ಅನ್ನಿ) ಮಾಡಿ, ಅದಕ್ಕೆ ಮಾತ್ರ ಪರ್ಮಿಷನ್ ಕೊಡಿ.