ಕೆರೆಯ ನೀರು, ಇಂಗ್ಲಿಷ್ ತರಗತಿ: ಕೋಲಾರದಲ್ಲಿ ಪರಿಸರ ಪಾಠ ಮಾಡಿದ ನನ್ನ ಅನುಭವ

ಕೋಲಾರ ತಾಲ್ಲೂಕಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಇಂಗ್ಲಿಷ್ ಕಲಿಸುತ್ತೇನೆ. ಇವರಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ಕೆಲವರದು ಉರ್ದು. ಕನ್ನಡ ಶಾಲೆಯ ಭಾಷೆ. ಇಂಗ್ಲಿಷ್ ಅವರಿಗೆ ಮೂರನೆಯದು, ಕೆಲವರಿಗೆ ನಾಲ್ಕನೆಯದು. ಪರಿಸರದ ವಿಷಯ ಮಾತ್ರ ಇವರಿಗೆ ಹೊಸದಲ್ಲ. ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಬೇಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಪರಿಸರ ವಕೀಲ ಎಂ.ಸಿ. ಮೆಹ್ತಾ ಹೂಡಿದ ಪ್ರಕರಣದಲ್ಲಿ ಸೂಚಿಸಿದ ಮೇಲೆ ವಿಜ್ಞಾನ, ಸಮಾಜ, ಕನ್ನಡ ಎಲ್ಲ ಪುಸ್ತಕಗಳಲ್ಲೂ ಅದು ಸೇರಿಕೊಂಡಿದೆ. ಹೀಗಾಗಿ ಇಂಗ್ಲಿಷ್ ತರಗತಿಯಲ್ಲಿ ಪರಿಸರದ ಪಾಠ ತೆರೆದರೆ, ಓದುವ ಮೊದಲೇ ಮಕ್ಕಳಿಗೆ ಉತ್ತರ ಗೊತ್ತಿರುತ್ತದೆ: 'ವಿ ಷುಡ್ ಪ್ಲಾಂಟ್ ಟ್ರೀಸ್', 'ವಿ ಷುಡ್ ಸೇವ್ ವಾಟರ್', 'ವಿ ಷುಡ್ ನಾಟ್ ಯೂಸ್ ಪ್ಲಾಸ್ಟಿಕ್'. ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲದ ಈ ವಾಕ್ಯಗಳನ್ನು ಆರನೆಯ ತರಗತಿಯ ಮಗುವೂ ಬರೆಯುತ್ತದೆ, ಹತ್ತನೆಯದರ ಮಗುವೂ ಬರೆಯುತ್ತದೆ. ನಾಲ್ಕು ವರ್ಷಗಳಲ್ಲಿ ಭಾಷೆಯೂ ಬೆಳೆದಿರುವುದಿಲ್ಲ, ತಿಳಿವಳಿಕೆಯೂ ಬೆಳೆದಿರುವುದಿಲ್ಲ.

ಆದ್ದರಿಂದ ನಾನು ಪಾಠವನ್ನು ಬೇರೆ ತುದಿಯಿಂದ ಹಿಡಿದೆ. ಓಝೋನ್ ಪದರ, ಅಮೆಜಾನ್ ಕಾಡು, ಹಿಮಕರಡಿ ಎಲ್ಲವನ್ನೂ ಬದಿಗಿಟ್ಟು ಒಂದು ಶೈಕ್ಷಣಿಕ ಅವಧಿ ಪೂರ್ತಿ ನೀರನ್ನು ಮಾತ್ರ ಇಟ್ಟುಕೊಂಡೆ. ವರ್ಷಪೂರ್ತಿ ಹರಿಯುವ ನದಿಯೊಂದೂ ಇಲ್ಲದ, ಕೆರೆಗಳನ್ನು ನಂಬಿ ಶತಮಾನಗಳು ಬದುಕಿ ಆಮೇಲೆ ಕೊಳವೆಬಾವಿಗಳಿಗೆ ಜೋತುಬಿದ್ದ ಜಿಲ್ಲೆ ಇದು. ಸಾವಿರ ಅಡಿ ಕೊರೆಸಿದರೂ ನೀರು ಸಿಗದ ಕಥೆ ಇಲ್ಲಿ ಪ್ರತಿ ಮನೆಯಲ್ಲೂ ಇದೆ. ಹೇಳಲು ವಿಷಯವಿರುವ ಮಗು ಭಾಷೆಗಾಗಿ ತಡಕಾಡುತ್ತದೆ, ಆ ತಡಕಾಟದ ಹೊತ್ತಿನಲ್ಲಿ ಕೊಟ್ಟ ಪದ ನಿಲ್ಲುತ್ತದೆ ಎಂಬುದು ನನ್ನ ನಂಬಿಕೆ.

ಮೊದಲ ಕೆಲಸ ಕೆರೆಗೆ ಹೋಗಿ ಬರುವುದು. ಅಲ್ಲಿ ಮಕ್ಕಳು ತಮಗೆ ಬಂದ ಭಾಷೆಯಲ್ಲಿ ಮಾತನಾಡಲಿ ಎಂದು ಬಿಟ್ಟುಬಿಡುತ್ತೇನೆ. ತರಗತಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬರಬಾರದೆಂಬ ಪಾಠಕ್ರಮದ ಶಿಸ್ತಿಗೆ ಇದು ಹೊಂದುವುದಿಲ್ಲವೆಂದು ಕೆಲವು ಸಹೋದ್ಯೋಗಿಗಳು ಹೇಳಿದರು. ಆದರೆ ಕಟ್ಟೆ, ತೂಬು, ಕೋಡಿ, ರಾಜಕಾಲುವೆ, ಹೂಳು ಇವು ಯಾವುವು, ಒಂದರಿಂದ ಇನ್ನೊಂದಕ್ಕೆ ನೀರು ಹೇಗೆ ಸಾಗುತ್ತದೆ ಎಂಬುದನ್ನು ಮನೆಮಾತಿನಲ್ಲಿ ವಿವರಿಸಲಾಗದ ಮಗುವಿಗೆ ಇಂಗ್ಲಿಷಿನಲ್ಲಿ ವಿವರಿಸಲು ಏನೂ ಇರುವುದಿಲ್ಲ. ಶಾಲೆಗೆ ಮರಳಿದ ಮೇಲೆ ಗೋಡೆಯ ಮೇಲೆ ಒಂದು ದೊಡ್ಡ ಕಾಗದದಲ್ಲಿ ಕೆರೆಯ ನಕ್ಷೆ ಬರೆದು, ಪ್ರತಿ ಭಾಗಕ್ಕೂ ಕನ್ನಡ, ತೆಲುಗು, ಇಂಗ್ಲಿಷ್ ಹೆಸರುಗಳನ್ನು ಮಕ್ಕಳಿಂದಲೇ ಬರೆಸಿದೆ. ಬಂಡ್, ಸ್ಲೂಯಿಸ್, ಕೆನಾಲ್, ಸಿಲ್ಟ್ ಎಂಬ ಪದಗಳು ಹೀಗೆ ಬಂದವು. ಕೆರೆಯಂಗಳ ತುಂಬಿದ್ದ ಬಳ್ಳಾರಿ ಜಾಲಿಗೆ ಸಸ್ಯಶಾಸ್ತ್ರದ ಹೆಸರೇ ಬೇಕೆಂದು ಒಬ್ಬ ಹುಡುಗ ಹಟ ಹಿಡಿದು ಪ್ರೊಸೋಪಿಸ್ ಎಂದು ಹುಡುಕಿ ಬರೆದ. ಪದಪಟ್ಟಿ ಕೊಟ್ಟು ಉರುಹೊಡೆಸುವ ಅಗತ್ಯ ಆಮೇಲೆ ಬೀಳಲಿಲ್ಲ.

ಎರಡನೆಯ ಹಂತದಲ್ಲಿ ಫ್ಲೋರೈಡ್ ಬಂತು. ಇದು ಸೂಕ್ಷ್ಮವಾದ ವಿಷಯ. ಗಟ್ಟಿ ಕಲ್ಲಿನ ನಾಡಿನಲ್ಲಿ ಆಳದ ನೀರು ಬಂಡೆಯ ಖನಿಜಗಳೊಂದಿಗೆ ದೀರ್ಘಕಾಲ ಇದ್ದು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಮೂಲವಿಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎಂಬುದು ಭಾರತೀಯ ಮಾನಕ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಒಳಹೋದರೆ ಹಲ್ಲಿನ ಮೇಲೆ ಕಂದು ಕಲೆ ಶಾಶ್ವತವಾಗಿ ನಿಲ್ಲುತ್ತದೆ. ನನ್ನ ತರಗತಿಯಲ್ಲಿ ಅಂಥ ಹಲ್ಲುಗಳ ಮಕ್ಕಳಿದ್ದಾರೆ, ಕೈ ಅಡ್ಡ ಹಿಡಿದು ನಗುವವರು. ಅವರನ್ನು ಉದಾಹರಣೆಯಾಗಿಸಿ ನಿಲ್ಲಿಸುವುದು ಕ್ರೌರ್ಯ. ಹಾಗೆಂದು ವಿಷಯವನ್ನೇ ಮುಚ್ಚಿಟ್ಟರೆ ಹಲ್ಲುಜ್ಜದ ಸೋಮಾರಿತನದಿಂದ ಕಲೆ ಬಂದಿದೆಯೆಂಬ ಊರಿನ ತಪ್ಪು ತಿಳಿವಳಿಕೆಯೇ ಉಳಿಯುತ್ತದೆ. ಆದ್ದರಿಂದ ಯಾರ ಹಲ್ಲನ್ನೂ ಪ್ರಸ್ತಾಪಿಸದೆ, ಬಂಡೆಯಿಂದ ಆರಂಭಿಸಿ ಲೋಟದ ತನಕ ಒಂದೊಂದೇ ಕಾರಣವನ್ನು ಜೋಡಿಸುವ ವಾಕ್ಯಗಳನ್ನು ಬರೆಸಿದೆ. ಮಳೆ ಕಡಿಮೆ, ಆದ್ದರಿಂದ ಕೆರೆ ಒಣಗಿತು. ಕೆರೆ ಒಣಗಿದ್ದರಿಂದ ಬಾವಿ ಬತ್ತಿತು. ಬಾವಿ ಬತ್ತಿದ್ದರಿಂದ ಆಳಕ್ಕೆ ಕೊರೆದರು. ಆಳದ ನೀರಿನಲ್ಲಿ ಫ್ಲೋರೈಡ್ ಇತ್ತು. 'ಬಿಕಾಸ್', 'ಸೋ', 'ಆಸ್ ಎ ರಿಸಲ್ಟ್' ಎಂಬ ಜೋಡಣೆಗಳು ಪುಸ್ತಕದಲ್ಲಿ ಅಭ್ಯಾಸದ ಖಾಲಿ ಜಾಗಗಳಾಗಿ ಬರುತ್ತವೆ. ಇಲ್ಲಿ ಅವುಗಳಿಲ್ಲದೆ ವಾಕ್ಯವೇ ನಿಲ್ಲದು. ಸರಪಳಿ ಮುಗಿದಾಗ, ಹಾಗಾದರೆ ಇದು ಉಜ್ಜಿದರೆ ಹೋಗುವುದಿಲ್ಲವೇ ಎಂದು ಕೇಳಿದ್ದು ಕಲೆಯಿಲ್ಲದ ಹಲ್ಲಿನ ಹುಡುಗಿ. ಉತ್ತರಿಸಿದ್ದು ಕಲೆಯಿರುವ ಹುಡುಗ, ಅದೂ ಇಂಗ್ಲಿಷಿನಲ್ಲಿ.

ನನ್ನ ಪಾಠಕ್ಕೆ ನಿಜವಾದ ಕಸುವು ಬಂದದ್ದು ಕೆ.ಸಿ. ವ್ಯಾಲಿ ಯೋಜನೆಯಿಂದ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ, ಅಂದರೆ ಕಸ ಸೋಸಿ ಸೂಕ್ಷ್ಮಜೀವಿಗಳಿಂದ ಕೊಳೆ ತೆಗೆಸುವ ತನಕ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಷ್ಟನ್ನು ಕೊಳವೆಗಳಲ್ಲಿ ತಂದು ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಇದು. 2018ರ ಜೂನ್‌ನಲ್ಲಿ ಮೊದಲ ನೀರು ಲಕ್ಷ್ಮೀಸಾಗರ ಕೆರೆಗೆ ಇಳಿಯಿತು. ಮುಂದಿನ ತಿಂಗಳೇ ನೊರೆ ಕಾಣಿಸಿಕೊಂಡು ಗಲಾಟೆಯಾಯಿತು. ಉಳಿದ ಪೋಷಕಾಂಶ, ರೋಗಾಣುಗಳನ್ನೂ ತೆಗೆಯುವ ಮೂರನೆಯ ಹಂತದ ಸಂಸ್ಕರಣೆ ಆಗಲೇಬೇಕೆಂಬ ವಾದ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ನೀರು ನಿಂತಿತು, ಮತ್ತೆ ಹರಿಯಿತು. ಈ ಎಲ್ಲವನ್ನೂ ಮಕ್ಕಳು ಮನೆಯ ಜಗಲಿಯಲ್ಲೇ ಕೇಳಿಸಿಕೊಂಡವರು. ಕೆಲವರ ಮನೆಯ ಬತ್ತಿದ ಕೊಳವೆಬಾವಿಗೆ ನೀರು ಬಂದಿದೆ. ಇನ್ನು ಕೆಲವರ ಮನೆಯಲ್ಲಿ ಆ ನೀರನ್ನು ಹೆಸರೆತ್ತಿ ಬೈಯುತ್ತಾರೆ.

ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಕಲಿಸಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ನನಗೆ ಸಿಕ್ಕಿಲ್ಲ. ಶಿವನಸಮುದ್ರದ ಬಳಿ ಎತ್ತಿದ ಕಾವೇರಿ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಮೂರು ಹಂತಗಳಲ್ಲಿ ಸುಮಾರು 500 ಮೀಟರ್ ಮೇಲೇರಿ, ನೂರು ಕಿಲೋಮೀಟರ್ ದೂರ ಸಾಗಿ ಬೆಂಗಳೂರಿನ ನಲ್ಲಿಗೆ ಬರುತ್ತದೆ; ಬಳಕೆಯಾಗಿ, ಸಂಸ್ಕರಣೆಯಾಗಿ, ಮತ್ತೆ ಪಂಪಾಗಿ ನಮ್ಮ ಕೆರೆಗೆ ಬರುತ್ತದೆ. ಇದನ್ನು ಒಂದು ಉದ್ದನೆಯ ಪಟ್ಟಿಯಾಗಿ ಚಿತ್ರಿಸಿ, ಪ್ರತಿ ಬಾಣಕ್ಕೂ ಒಂದು ವಾಕ್ಯ ಬರೆಯಬೇಕು: 'ದಿ ವಾಟರ್ ಈಸ್ ಪಂಪ್ಡ್', 'ಇಟ್ ಈಸ್ ಟ್ರೀಟೆಡ್', 'ಇಟ್ ಈಸ್ ಕ್ಯಾರೀಡ್'. ಯಾರು ಪಂಪ್ ಮಾಡಿದರೆಂಬುದು ಇಲ್ಲಿ ಮುಖ್ಯವಲ್ಲ, ನೀರಿಗೆ ಏನಾಯಿತೆಂಬುದು ಮುಖ್ಯ. ಆದ್ದರಿಂದ ಈ ರಚನೆ ಇಲ್ಲಿ ಸಹಜ.

ಅದರ ಮರುದಿನ ಇದೇ ರಚನೆಯ ಬೇರೆ ವಾಕ್ಯಗಳನ್ನು ಹಲಗೆಯ ಮೇಲೆ ಬರೆದೆ: 'ದಿ ಲೇಕ್ ಈಸ್ ಪೊಲ್ಯೂಟೆಡ್', 'ಟ್ರೀಸ್ ಆರ್ ಕಟ್', 'ದಿ ಟ್ಯಾಂಕ್ ಬೆಡ್ ವಾಸ್ ಎನ್‌ಕ್ರೋಚ್ಡ್'. ಪ್ರತಿಯೊಂದಕ್ಕೂ ಯಾರಿಂದ ಎಂದು ಸೇರಿಸಿ ಎಂದೆ. ತರಗತಿ ಗಂಭೀರವಾಯಿತು. ಕೆರೆಯಂಗಳವನ್ನು ಒತ್ತುವರಿ ಮಾಡಿದವರು ಯಾರೆಂದು ಎಲ್ಲರಿಗೂ ಗೊತ್ತು. ಅವರಲ್ಲಿ ಕೆಲವರು ನೆಂಟರು. ಟೊಮೆಟೊ ಹೊಲದ ಮಣ್ಣಿಗೆ ಹೊದಿಸಿದ ಪ್ಲಾಸ್ಟಿಕ್ ಮಲ್ಚಿಂಗ್ ಶೀಟನ್ನು ಬೆಳೆ ಮುಗಿದ ಮೇಲೆ ಬದುವಿನಲ್ಲಿ ಸುಡುವವರು ಅಪ್ಪಂದಿರೇ. ಹೆಸರು ಹೇಳುವುದು ಬೇಡ, ವರ್ಗ ಹೇಳಿ ಎಂದು ನಿಯಮ ಮಾಡಿದೆ: ರೈತರು, ಇಟ್ಟಿಗೆ ಗೂಡಿನವರು, ಪಂಚಾಯಿತಿ, ನಾವು. ಒಂದೇ ವ್ಯಾಕರಣ ರೂಪ ಒಂದು ಕಡೆ ಪ್ರಕ್ರಿಯೆಯನ್ನು ಸ್ಪಷ್ಟಗೊಳಿಸುತ್ತದೆ, ಇನ್ನೊಂದು ಕಡೆ ಹೊಣೆಗಾರನನ್ನು ಮರೆಮಾಡುತ್ತದೆ ಎಂಬುದು ಒಂಬತ್ತನೆಯ ತರಗತಿಯ ಮಕ್ಕಳಿಗೆ ಅರ್ಥವಾಗುತ್ತದೆ. ಆಮೇಲೆ ಕೆಲವರು ದಿನಪತ್ರಿಕೆಯ ಕನ್ನಡ ವರದಿಗಳಲ್ಲೂ ಅಂಥ ವಾಕ್ಯಗಳನ್ನು ಹುಡುಕಿ ತರತೊಡಗಿದರು. ವ್ಯಾಕರಣದ ಪಾಠವೊಂದು ಬೇರೆ ಭಾಷೆಗೆ ಹೀಗೆ ಹರಿದದ್ದನ್ನು ನಾನು ಹೆಚ್ಚು ಸಲ ಕಂಡಿಲ್ಲ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಯಾರಿಗಾಗಿ ಬರೆಯುವುದು? ಪರಿಸರ ಪಾಠದ ಕೊನೆಗೆ ಪಂಚಾಯಿತಿಗೆ ಪತ್ರ ಬರೆಯಿರಿ ಎಂಬ ಅಭ್ಯಾಸ ಸಾಮಾನ್ಯ. ನಮ್ಮ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ ಇಂಗ್ಲಿಷಿನಲ್ಲಿ ಮನವಿ ಕೊಡುವುದು ಹಾಸ್ಯಾಸ್ಪದ; ಕೆಲಸ ಆಗಬೇಕಾದರೆ ಕನ್ನಡದಲ್ಲೇ ಬರೆಯಬೇಕು, ನಾವು ಬರೆದದ್ದೂ ಹಾಗೆಯೇ. ಇಂಗ್ಲಿಷ್ ನಿಜವಾಗಿ ಬೇಕಾಗುವ ಓದುಗರು ನೀರಿನ ಪಟ್ಟಿಯ ನಡುವೆಯೇ ಇದ್ದರು, ಬೆಂಗಳೂರಿನಲ್ಲಿ. ಅಲ್ಲಿನ ಇಂಗ್ಲಿಷ್ ಮಾಧ್ಯಮ ಶಾಲೆಯೊಂದರಲ್ಲಿ ಪಾಠ ಮಾಡುವ ನನ್ನ ಸ್ನೇಹಿತೆಯ ತರಗತಿಯಲ್ಲಿ ಹಲವು ರಾಜ್ಯಗಳ ಮಕ್ಕಳಿದ್ದಾರೆ. ಕನ್ನಡ ಓದಲು ಬಾರದವರೇ ಹೆಚ್ಚು. ಅವರ ಬಚ್ಚಲಿನ ನೀರು ನಮ್ಮ ಕೆರೆಗೆ ಬರುತ್ತದೆಂಬುದು ಅವರಿಗೆ ತಿಳಿದೇ ಇರಲಿಲ್ಲ. ನಮ್ಮ ಮಕ್ಕಳು ಪತ್ರ ಬರೆದರು. ಬೆಳ್ಳಂದೂರು ಕೆರೆಯಲ್ಲಿ 2017ರಲ್ಲಿ ಬೆಂಕಿ ಕಾಣಿಸಿಕೊಂಡದ್ದು, ಬಟ್ಟೆ ತೊಳೆಯುವ ಪುಡಿಯಲ್ಲಿನ ರಾಸಾಯನಿಕಗಳಿಂದ ಅಲ್ಲಿ ನೊರೆ ಏಳುವುದು, ಆ ಕಣಿವೆಯ ನೀರೇ ಸಂಸ್ಕರಣೆಯಾಗಿ ನಮ್ಮಲ್ಲಿಗೆ ಬರುವುದು ಎಲ್ಲವನ್ನೂ ಅದರಲ್ಲಿ ಸೇರಿಸಿದರು.

ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆ ಕೇಳಿದ್ದವು: ನೀವು ಆ ನೀರನ್ನು ಕುಡಿಯುತ್ತೀರಾ? ಕೆಲವು ಮಕ್ಕಳಿಗೆ ಅವಮಾನವಾಯಿತು, ಇಬ್ಬರಿಗೆ ಸಿಟ್ಟೇ ಬಂತು. ಸಿಟ್ಟಿನಿಂದ ಹುಟ್ಟಿದ ಉತ್ತರಗಳು ಆ ವರ್ಷದ ಅತ್ಯುತ್ತಮ ಬರಹಗಳಾದವು. ಕೆರೆಗೆ ಬಂದ ನೀರು ನೆಲಕ್ಕೆ ಇಂಗಿ ಅಂತರ್ಜಲ ಸೇರುತ್ತದೆ, ಕೊಳವೆಬಾವಿಯ ಮೂಲಕ ಮೇಲೆ ಬರುತ್ತದೆ, ಕೆರೆಯಿಂದ ನೇರವಾಗಿ ಪಂಪ್ ಹಚ್ಚುವಂತಿಲ್ಲ, ಕುಡಿಯಲು ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸುತ್ತೇವೆ ಎಂಬ ನಾಲ್ಕು ಸಂಗತಿಗಳನ್ನು ಗೊಂದಲವಿಲ್ಲದೆ ಹೇಳಲು ಅವರು ಪಟ್ಟ ಪಾಡು ಯಾವ ಅಭ್ಯಾಸ ಪುಸ್ತಕದಿಂದಲೂ ಬಾರದು. 'ಸೀಪ್' ಮತ್ತು 'ರೀಚಾರ್ಜ್' ಎಂಬ ಪದಗಳನ್ನು ನನ್ನ ಮೇಜಿನ ಬಳಿ ಬಂದು ಕೇಳಿ ಪಡೆದುಕೊಂಡರು. ನಿಮ್ಮ ಮನೆಯಲ್ಲಿ ಯಾವ ಸೋಪಿನ ಪುಡಿ ಬಳಸುತ್ತೀರಿ, ಅದರಲ್ಲಿ ಫಾಸ್ಫೇಟ್ ಇದೆಯೇ ನೋಡಿ ತಿಳಿಸಿ ಎಂದು ಒಬ್ಬಳು ತನ್ನ ಪತ್ರದ ಕೊನೆಗೆ ಬರೆದಳು. ಅದಕ್ಕೆ ಉತ್ತರ ಹುಡುಕಲು ಬೆಂಗಳೂರಿನ ಮಕ್ಕಳು ಪೊಟ್ಟಣದ ಹಿಂಬದಿ ಓದಬೇಕಾಯಿತು.

ಪರಿಹಾರಗಳ ಪಾಠಕ್ಕೆ ನನ್ನ ಕಟ್ಟಳೆ ಒಂದೇ: 'ವಿ ಷುಡ್' ಎಂದು ಆರಂಭವಾಗುವ ವಾಕ್ಯ ಬರೆಯುವಂತಿಲ್ಲ. ಪರಿಹಾರ ಹೇಳುವವರು ಅದನ್ನು ಯಾರು ಮಾಡುತ್ತಾರೆ, ಖರ್ಚು ಯಾರದು, ಅದರಿಂದ ಹುಟ್ಟುವ ಹೊಸ ತೊಂದರೆ ಏನು ಎಂದೂ ಹೇಳಬೇಕು. ಶುದ್ಧ ನೀರಿನ ಘಟಕವನ್ನೇ ತೆಗೆದುಕೊಂಡೆವು. ಫ್ಲೋರೈಡಿಗೆ ಅದು ತಕ್ಷಣದ ಉತ್ತರ ಹೌದು. ಆದರೆ ಒಳಹೋದ ನೀರಿನ ಗಣನೀಯ ಪಾಲು ಲವಣ ಮತ್ತು ಫ್ಲೋರೈಡ್ ಸಾಂದ್ರವಾಗಿ ತ್ಯಾಜ್ಯವಾಗಿ ಹೊರಬರುತ್ತದೆ, ಮತ್ತು ಘಟಕದ ಪಕ್ಕದ ಚರಂಡಿಗೆ ಸೇರುತ್ತದೆ. 'ಬಟ್', 'ಆಲ್ದೋ', 'ಅನ್‌ಲೆಸ್' ಎಂಬ ಪದಗಳಿಗೆ ಇಲ್ಲಿ ಮೊದಲ ಸಲ ಕೆಲಸ ಸಿಕ್ಕಿತು.

ನೀಲಗಿರಿಯದು ಇನ್ನೂ ಸಿಕ್ಕಾದ ಪ್ರಕರಣ, ಏಕೆಂದರೆ ಅದೂ ಒಂದು ಕಾಲದ ಪರಿಹಾರವೇ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಈ ಜಿಲ್ಲೆಯಲ್ಲಿ ಹರಡಿದ ಮರ ಅದು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ಅದರ ಸಸಿಗಳನ್ನು ಕಿತ್ತಿದ್ದರು. ಅಂತರ್ಜಲವನ್ನು ಹೀರುತ್ತದೆಂಬ ಕಾರಣಕ್ಕೆ 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಮನೆಯ ಹಿರಿಯರು ಏಕೆ ನೆಟ್ಟರು ಎಂದು ಕೇಳಿ ಬನ್ನಿ ಎಂದು ಕಳುಹಿಸಿದೆ. ಉತ್ತರಗಳು ತೆಲುಗಿನಲ್ಲಿ ಬಂದವು: ಕೂಲಿ ಆಳು ಬೇಡ, ಕಾವಲು ಬೇಡ, ಮೇಕೆ ಬಾಯಿ ಹಾಕುವುದಿಲ್ಲ, ಮಗಳ ಮದುವೆಗೆ ಕಡಿಯಬಹುದು. ಅದನ್ನು ಇಂಗ್ಲಿಷಿಗೆ ತಂದಾಗ ಭೂತಕಾಲವೂ ಬಂತು, ಅಜ್ಜನ ಮೇಲಿನ ತೀರ್ಪು ತುಸು ಮೆದುವೂ ಆಯಿತು. ಗಿಡ ನೆಡುವುದು ಯಾವಾಗಲೂ ಒಳ್ಳೆಯದು ಎಂಬ ಘೋಷಣೆಯನ್ನು ಆಮೇಲೆ ಯಾರೂ ಹಾಗೇ ಬರೆಯಲಿಲ್ಲ. ಯಾವ ಗಿಡ, ಎಲ್ಲಿ, ಎಂದು ಸೇರಿಸತೊಡಗಿದರು.

ಎಲ್ಲರೂ ಸಮನಾಗಿ ಕಲಿತರೆಂದು ಹೇಳಲಾರೆ. ಅಕ್ಷರ ಜೋಡಿಸಿ ಓದಲು ಕಷ್ಟಪಡುವ ಮಕ್ಕಳು ನಕ್ಷೆಗೆ ಹೆಸರು ಬರೆಯುವುದರಲ್ಲಿ, ಬಾಣಗಳಿಗೆ ಒಂದೊಂದು ವಾಕ್ಯ ಹೇಳುವುದರಲ್ಲಿ ನಿಂತರು. ಅವರಿಗೆ ವಾಕ್ಯದ ಅರ್ಧ ಭಾಗವನ್ನು ಚೀಟಿಯಲ್ಲಿ ಕೊಟ್ಟು ಉಳಿದರ್ಧ ಬಾಯಲ್ಲಿ ಹೇಳಿಸುತ್ತೇನೆ, ಬರವಣಿಗೆ ಆಮೇಲೆ. ನಲವತ್ತು ನಿಮಿಷದ ಅವಧಿಯಲ್ಲಿ ಇದೆಲ್ಲ ಹಿಡಿಸದು. ಸಮಾಜ ವಿಜ್ಞಾನದ ಶಿಕ್ಷಕರು ತಮ್ಮ ಅವಧಿಯನ್ನು ಆಗಾಗ ನನ್ನದಕ್ಕೆ ಜೋಡಿಸಿಕೊಡದಿದ್ದರೆ ಕೆರೆಯ ಭೇಟಿಯೂ ಸಾಧ್ಯವಾಗುತ್ತಿರಲಿಲ್ಲ.

ಪರೀಕ್ಷೆ ಮಾತ್ರ ಬದಲಾಗಿಲ್ಲ. ಜಲಮಾಲಿನ್ಯದ ಮೇಲೆ ಪ್ರಬಂಧ ಬರೆಯಿರಿ ಎಂಬ ಪ್ರಶ್ನೆಗೆ ಹಿಂದಿನ ಸಿದ್ಧ ಉತ್ತರ ಬರೆದವರಿಗೂ ಅಂಕ ಬರುತ್ತದೆ, ಲಕ್ಷ್ಮೀಸಾಗರ ಕೆರೆಯ ನೊರೆಯ ಬಗ್ಗೆ ಬರೆದವರಿಗೂ ಬರುತ್ತದೆ. ಎರಡನೆಯವರ ಉತ್ತರದಲ್ಲಿ ಕಾಗುಣಿತ ಮತ್ತು ಕ್ರಿಯಾಪದದ ತಪ್ಪುಗಳು ಹೆಚ್ಚಿರುತ್ತವೆ, ಏಕೆಂದರೆ ಅವರು ಹಿಂದೆಂದೂ ಬರೆಯದ ವಾಕ್ಯಗಳನ್ನು ಬರೆಯುತ್ತಿರುತ್ತಾರೆ. ನನ್ನ ಕೈಗೆ ಬರುವ ಕಿರುಪರೀಕ್ಷೆಗಳಲ್ಲಿ ನಾನು ಅಂಕಗಳನ್ನು ಎರಡು ಭಾಗ ಮಾಡಿ, ಅರ್ಧವನ್ನು ಭಾಷೆಯ ಶುದ್ಧತೆಗೂ ಅರ್ಧವನ್ನು ಕಾರಣ ಮತ್ತು ಹೊಣೆಯನ್ನು ಸ್ಪಷ್ಟವಾಗಿ ಹೇಳಿದ್ದಕ್ಕೂ ಕೊಡುತ್ತೇನೆ. ಈ ಹಂಚಿಕೆಯನ್ನು ಪಾಠದ ಆರಂಭದಲ್ಲೇ ಹಲಗೆಯ ಮೇಲೆ ಬರೆದು ಅವಧಿ ಮುಗಿಯುವ ತನಕ ಅಳಿಸದೆ ಬಿಡುತ್ತೇನೆ.